ಅಪ್‌ಡೇಟ್: ಭಾವಚಿತ್ರಣವನ್ನು ಯಾವ ಶೈಲಿಯಿಂದ ಆರಂಭಿಸಬೇಕೆಂಬ ನನ್ನ ಪ್ರಶ್ನೆಗೆ ಸಂಬಂಧಿಸಿ

ಹೊಸದಾಗಿ ಕ್ಯಾಮೆರಾ ಹಿಡಿದವನು ಭಾವಚಿತ್ರದ ಯಾವ ಶೈಲಿಯನ್ನು ಮೊದಲು ಕಲಿಯಬೇಕೆಂದು ಕೇಳಿದ್ದೆ. ಕಿಟಕಿಯ ಬೆಳಕು, ಕೆಲಸದ ಪರಿಸರ, ಬೀದಿಯ ಸಹಜ ಕ್ಷಣ, ಈ ಮೂರನ್ನೂ ಪ್ರಯತ್ನಿಸುವಂತೆ ಅನುಭವಿಗಳು ಸೂಚಿಸಿದ್ದರು.

ಧಾರವಾಡದ ಮನೆಯಲ್ಲಿ ಅಜ್ಜಿಯವರನ್ನು ಕಿಟಕಿಯ ಪಕ್ಕ ಕೂರಿಸಿ, ಮುಖವನ್ನು ತುಸು ಒಳಕ್ಕೆ ತಿರುಗಿಸಿದಾಗ ನೆರಳಿನ ಕೆನ್ನೆಯ ಮೇಲೆ ಬೆಳಕಿನ ಸಣ್ಣ ತ್ರಿಕೋನ ಮೂಡಿತು. ಇದನ್ನೇ ಡಚ್ ಚಿತ್ರಕಾರನ ಹೆಸರಿನಲ್ಲಿ ರೆಂಬ್ರಾಂಟ್ ಬೆಳಕು ಎನ್ನುತ್ತಾರೆ. ಲೆನ್ಸಿನ ರಂಧ್ರ ಅಗಲವಾಗಿ ತೆರೆದ ಎಫ್/1.8ರಲ್ಲಿ ಹತ್ತಿರದ ಕಣ್ಣು ಮಾತ್ರ ಸ್ಪಷ್ಟವಾಗಿದ್ದರೆ, ರಂಧ್ರ ಕಿರಿದಾದ ಎಫ್/4ರಲ್ಲಿ ಎರಡೂ ಕಣ್ಣುಗಳು ನಿಚ್ಚಳವಾದವು.

ಆದರೆ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಗದಗ-ಬೆಟಗೇರಿಯ ನೇಕಾರರೊಬ್ಬರ ಕೈಮಗ್ಗ. ಬಾಗಿಲಿನಿಂದ ಬರುವ ಹಗಲಿನ ಬೆಳಕೂ ಟ್ಯೂಬ್‌ಲೈಟಿನ ಬೆಳಕೂ ಬೆರೆತು ಚರ್ಮಕ್ಕೆ ಎರಡು ಬಣ್ಣ ಬರುತ್ತಿದ್ದುದರಿಂದ, ಅವರ ಒಪ್ಪಿಗೆ ಪಡೆದು ಟ್ಯೂಬ್‌ಲೈಟ್ ಆರಿಸಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600ಕ್ಕೆ ಏರಿಸಿ, ಶಟರ್ (ಬೆಳಕನ್ನು ಒಳಬಿಡುವ ಪರದೆ) ವೇಗವನ್ನು 1/60 ಸೆಕೆಂಡಿಗೆ ಇಳಿಸಿದೆ. ಮುಖ ಸ್ಥಿರವಾಗಿದ್ದು ಕೈಗಳ ಚಲನೆ ಮಾತ್ರ ಮಸುಕಾಗಿ ಉಳಿದದ್ದು ಚಿತ್ರಕ್ಕೆ ಜೀವ ತಂದಿದೆ ಎಂಬುದು ನನ್ನ ಅಭಿಪ್ರಾಯ (ಅಜ್ಜಿ ಮಾತ್ರ ಇದನ್ನು ಒಪ್ಪುವುದಿಲ್ಲ).

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬೀದಿಯ ಚಿತ್ರಗಳನ್ನೂ ತೆಗೆದೆ. ಅಪರಿಚಿತರ ಮುಂದೆ ನನ್ನ ಸಂಕೋಚ ಇನ್ನೂ ಹೋಗಿಲ್ಲ. ಸದ್ಯಕ್ಕೆ ನೇಕಾರರದಂಥ, ಕೆಲಸದ ಪರಿಸರದ ಭಾವಚಿತ್ರವನ್ನೇ ಮುಂದುವರಿಸುತ್ತೇನೆ. ನನ್ನ ಕ್ಯಾಮೆರಾದ ಎಪಿಎಸ್-ಸಿ ಸೆನ್ಸರ್‌ನಲ್ಲಿ (ಫುಲ್ ಫ್ರೇಮ್‌ಗಿಂತ ಚಿಕ್ಕದು) 50 ಮಿ.ಮೀ. ಲೆನ್ಸ್, ಫುಲ್ ಫ್ರೇಮ್‌ನ ಸುಮಾರು 75 ಮಿ.ಮೀ.ಗೆ ಸಮನಾದ ನೋಟ ಕೊಡುವುದರಿಂದ, ಭಾವಚಿತ್ರಕ್ಕೆಂದು ಕೆಲವರು ಸಲಹೆ ಮಾಡಿದ್ದ 85 ಮಿ.ಮೀ. ಲೆನ್ಸನ್ನು ಈಗಲೇ ಕೊಳ್ಳುವುದಿಲ್ಲ.