ಥಾರ್‌ನಾಗ ಎರಡನೇ ಬ್ಯಾಟರಿ: ರಿಲೇ ಸಾಕೋ, ಡಿಸಿ-ಡಿಸಿ ಚಾರ್ಜರ್ ಬೇಕೋ?

ಉಣಕಲ್‌ದಂಡಿ, ಹುಬ್ಬಳ್ಳಿ

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ 2017ರ ಥಾರ್ ಸಿಆರ್‌ಡಿಇ, ಹಾರ್ಡ್‌ಟಾಪ್ ಅದ. ಗಣೇಶಗುಡಿ, ಜೋಯಿಡಾ ಕಡೆ ಹೋಮ್‌ಸ್ಟೇ ಅಂಗಳದಾಗ ಶುಕ್ರವಾರ ಸಂಜಿ ನಿಂದರಿಸಿದ್ರ ರವಿವಾರ ಮುಂಜಾನೆ ತನಕ ಗಾಡಿ ಅಲ್ಲೇ ಇರ್ತದ. ಅಷ್ಟೊತ್ತೂ 40 ಲೀಟರಿನ ಕಂಪ್ರೆಸರ್ ಫ್ರಿಜ್, ಎರಡು ಎಲ್‌ಇಡಿ ಪಟ್ಟಿ, ನಾಲ್ಕು ಫೋನು, ದಿನಕ್ಕ ಎರಡು ತಾಸು ಲ್ಯಾಪ್‌ಟಾಪ್ ನಡೀಬೇಕು. ಟೈರಿಗೆ ಗಾಳಿ ತುಂಬೋ ಕಂಪ್ರೆಸರೂ ಅದ. ಸ್ಟಾರ್ಟಿಂಗ್ ಬ್ಯಾಟರಿಗೆ ಮಾತ್ರ ಕೈ ಹಚ್ಚಬಾರದು.

ಮನಿ ಇನ್ವರ್ಟರಿಗೆ ಹಾಕೋ 150 ಎಎಚ್ (ಆಂಪ್-ತಾಸು, ಬ್ಯಾಟರಿ ಎಷ್ಟು ಹಿಡೀತದ ಅನ್ನೋ ಅಳತಿ) ಟ್ಯೂಬುಲರ್ ಬ್ಯಾಟರಿ ಹಿಂದ ಇಟ್ಟು, ಪ್ಲಸ್ಸಿಗೆ ಪ್ಲಸ್ ಜೋಡಿಸಿ ನಡುವ ಒಂದು ಸ್ವಿಚ್ ಹಾಕ್ರಿ ಅಂತ ಒಬ್ರು ಹೇಳ್ತಾರ. ಇಂಜಿನ್ ಓಡೂ ಮುಂದ ಅಷ್ಟ ಎರಡೂ ಬ್ಯಾಟರಿ ಕೂಡಿಸೋ ಐಸೊಲೇಟರ್ ರಿಲೇ ಹಾಕ್ರಿ ಅಂತ ಇನ್ನೊಬ್ರು. ಗಾಡಿ ಕರೆಂಟ್ ಹದ ಮಾಡಿ ಎರಡನೇ ಬ್ಯಾಟರಿಗೆ ತುಂಬೋ ಡಿಸಿ-ಡಿಸಿ ಚಾರ್ಜರ್ ಇಲ್ಲದ ಆಗೂದೇ ಇಲ್ಲ ಅಂತ ಮತ್ತೊಬ್ರು. ಯಾವುದು ಖರೇ? ಕೇಬಲ್ ಎಷ್ಟು ದಪ್ಪ ಬೇಕು, ಫ್ಯೂಜ್ ಎಲ್ಲಿ ಬರಬೇಕು, ಬ್ಯಾಟರಿ ಎಲ್ಲಿ ಕೂಡಿಸಬೇಕು ಅನ್ನೂದನ್ನ ಸ್ವಲ್ಪ ಬಿಡಿಸಿ ಹೇಳ್ರಿ.

ತಾಮ್ರದೆಳಿ, ಧಾರವಾಡ

ಸರ, ಬ್ಯಾಟರಿ ಆರಿಸೂದು ಆಮ್ಯಾಲಿನ ಮಾತು, ಮೊದಲ ಖರ್ಚಿನ ಲೆಕ್ಕ ಹಾಕೋಣು. 40 ಲೀಟರ್ ಫ್ರಿಜ್ ಓಡೂ ಮುಂದ ಸುಮಾರು 50 ವ್ಯಾಟ್, ಅಂದ್ರ 4 ಆಂಪ್ ಎಳೀತದ. ಏಪ್ರಿಲ್-ಮೇ ಬಿಸಲಾಗ ಅರ್ಧ ಹೊತ್ತು ಓಡೇ ಓಡ್ತದ, ದಿನಕ್ಕ 48 ಎಎಚ್ ಹಿಡೀರಿ. ಲೈಟು ಮತ್ತು ಫೋನು ಸೇರಿ 10. ಲ್ಯಾಪ್‌ಟಾಪ್ 60 ವ್ಯಾಟ್, ಎರಡು ತಾಸು, ಇನ್ವರ್ಟರ್ ತಿನ್ನೂದು ಕೂಡಿಸಿ 12. ಒಟ್ಟು ದಿನಕ್ಕ 70. ನಿಮ್ಮ ಶುಕ್ರವಾರ ಸಂಜಿಯಿಂದ ರವಿವಾರ ಮುಂಜಾನೆ ಅಂದ್ರ ಒಂದೂವರೆ ದಿನ, 105 ಎಎಚ್ ಆಯ್ತು. ಡಿಸೆಂಬರಿನ್ಯಾಗ ಫ್ರಿಜ್ ಮೂರನೇ ಒಂದು ಪಾಲು ಓಡಿದ್ರ ಅದ ಲೆಕ್ಕ 80ರ ಹತ್ರ ಇಳೀತದ.

ಆ್ಯಸಿಡ್ ಬ್ಯಾಟರಿ ಯಾವುದ ಇರಲಿ, ಅರ್ಧಕ್ಕಿಂತ ಕೆಳಗ ಮತ್ತ ಮತ್ತ ಇಳಿಸಿದ್ರ ಆಯುಷ್ಯ ಹೋಗ್ತದ. ಅಂದ್ರ 100 ಎಎಚ್ ಎಜಿಎಂ (ಆ್ಯಸಿಡ್ ಚೆಲ್ಲದಂಗ ಮುಚ್ಚಿದ ಬ್ಯಾಟರಿ) ಕೈಗೆ ಕೊಡೂದು 50, ತೂಕ 28-30 ಕೆಜಿ. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ 80-90 ಕೊಡ್ತದ, ತೂಕ 12 ಕೆಜಿ ಸುಮಾರು. ನಿಮ್ಮ ಬಳಕೆಗೆ ಲಿಥಿಯಂ ಸರಿ ಅಂತ ನನ್ನ ಅಭಿಪ್ರಾಯ. ಥಂಡಿ ದಿನದಾಗ ಎರಡೂ ರಾತ್ರಿ ಅದೊಂದ ಹೋಗ್ತದ. ಬ್ಯಾಸಗ್ಯಾಗ ಮಾತ್ರ ಶನಿವಾರ ಒಂದು ತಾಸು ಗಾಡಿ ಓಡಿಸಬೇಕು, ಇಲ್ಲಾ 100 ವ್ಯಾಟಿನ ಸೋಲಾರ್ ಪ್ಯಾನೆಲ್ ಹಾಸಬೇಕು. ಗದಗಿನ ಬಯಲ ಬಿಸಲಾಗ ಆ ಪ್ಯಾನೆಲ್ ದಿನಕ್ಕ 25 ಎಎಚ್ ಕೊಡ್ತದ, ಜೋಯಿಡಾದ ಗಿಡದ ನೆರಳಾಗ ಅದರ ಅರ್ಧಾನೂ ನಂಬಬ್ಯಾಡ್ರಿ.

ಟ್ಯೂಬುಲರ್ ಗಾಡಿಗೆ ಖಂಡಿತ ಬ್ಯಾಡ. 50 ಕೆಜಿ ದಾಟ್ತದ, ಗಾಡಿ ಹೊರಳಿದ್ರ ಆ್ಯಸಿಡ್ ಚೆಲ್ತದ, ಚಾರ್ಜ್ ಆಗೂ ಮುಂದ ಹೈಡ್ರೋಜನ್ ಬಿಡ್ತದ, ಮುಚ್ಚಿದ ಹಾರ್ಡ್‌ಟಾಪ್ ಒಳಗ ಅದು ಅಪಾಯ. ಅದನ್ನ ಮಾಡಿದ್ದ ನಿಧಾನ ಚಾರ್ಜಿಗೆ. ಹುಬ್ಬಳ್ಳಿಯಿಂದ ದಾಂಡೇಲಿಗೆ ಎರಡು ತಾಸಿನ ಹಾದ್ಯಾಗ ಅದು ತುಂಬೂದ ಇಲ್ಲ. ನಡುವ ಕೈ ಸ್ವಿಚ್ ಇಟ್ರ, ಅದನ್ನ ಒಂದು ರಾತ್ರಿ ಆಫ್ ಮಾಡೂದು ಮರೆತ್ರ ಎರಡೂ ಬ್ಯಾಟರಿ ಖಾಲಿ.

ಈಗ ಚಾರ್ಜಿಂಗ್. ಸಾದಾ ವೋಲ್ಟೇಜ್ ರಿಲೇ 13.3-13.4 ವೋಲ್ಟಿಗೆ ಎರಡೂ ಬ್ಯಾಟರಿ ಕೂಡಿಸ್ತದ, 12.8ಕ್ಕ ಬಿಡಿಸ್ತದ. ಲಿಥಿಯಂ ಜೊತಿ ಇದು ಕೈ ಕೊಡೂದು ಇಲ್ಲೇ ನೋಡ್ರಿ: ತುಂಬಿದ ಲಿಥಿಯಂ ಸುಮ್ಮನ ಕುಂತಾಗೂ 13.3ರ ಹತ್ರ ಇರ್ತದ. ಇಂಜಿನ್ ಬಂದ್ ಆದ್ರೂ ರಿಲೇಗೆ ಅದು ಗೊತ್ತಾಗೂದಿಲ್ಲ, ಕೂಡಿಸೇ ಇಟ್ಟಿರ್ತದ, ಫ್ರಿಜ್ ಎರಡೂ ಬ್ಯಾಟರಿಯಿಂದ ಎಳೀತದ. ಇನ್ನೊಂದು, ಖಾಲಿ ಲಿಥಿಯಂ ಕೊಟ್ಟಷ್ಟೂ ಕರೆಂಟ್ ನುಂಗ್ತದ. ಲೋ ರೇಂಜಿನ್ಯಾಗ (ಫೋರ್ ವೀಲಿನ ನಿಧಾನ ಗೇರಿನ್ಯಾಗ) ಏರು ಹತ್ತೂ ಮುಂದ, ಇಂಜಿನ್ನಿಂದ ತಿರುಗಿ ಕರೆಂಟ್ ಹುಟ್ಟಿಸೋ ಆಲ್ಟರ್ನೇಟರಿನ ಫ್ಯಾನ್ ನಿಧಾನ ತಿರಗ್ತಿರ್ತದ, ಲೋಡ್ ಮಾತ್ರ ಪೂರ್ತಿ. ಡಯೋಡ್ ಸುಡೂದು ಆವಾಗ. ಡಿಸಿ-ಡಿಸಿ ಚಾರ್ಜರ್ ಕರೆಂಟಿಗೆ ಒಂದು ಮಿತಿ ಹಾಕ್ತದ, ಔಟ್‌ಪುಟ್ 14.2ರಿಂದ 14.6ರ ನಡುವ ಬಿಗಿ ಹಿಡೀತದ. ಅದಕ್ಕ ಲಿಥಿಯಂಗೆ ಅದ ಬೇಕು.

ಆಲ್ಟರ್ನೇಟರ್ ಮ್ಯಾಲಿನ ಚೀಟ್ಯಾಗ ಎಷ್ಟು ಆಂಪ್ ಅಂತ ಬರದಿರ್ತದ, ಓದಿಕೊಳ್ರಿ. ಚಾರ್ಜರ್ ಅದರ ಮೂರನೇ ಒಂದು ಪಾಲು ಮೀರಬಾರದು, ಯಾಕಂದ್ರ ಎಸಿ ಮತ್ತು ಹೆಡ್‌ಲೈಟ್ ಸೇರಿ 35 ಆಂಪ್ ಸುಮಾರು ಮೊದಲ ಹೋಗಿರ್ತದ. 90 ಆಂಪ್ ಅಂತ ಇದ್ರ 30ರ ಚಾರ್ಜರ್, ಅದಕ್ಕಿಂತ ಕಡಿಮಿ ಇದ್ರ 20ರದ್ದು. 30ರ ಚಾರ್ಜರ್ ಆಲ್ಟರ್ನೇಟರ್ ಕಡೆಯಿಂದ 36 ಆಂಪ್ ಎಳೀತದ ಅನ್ನೂದು ನೆನಪಿರಲಿ. ಕೊಟ್ಟಿದ್ದಕ್ಕಿಂತ ಹೆಚ್ಚು ತಗೋತದ, ಫ್ಯೂಜ್ ಲೆಕ್ಕ ಅದರ ಮ್ಯಾಲೆ.

ಕೇಬಲ್ 16 ಸ್ಕ್ವೇರ್ ಎಂಎಂ. ಬಾನೆಟ್ಟಿನಿಂದ ಹಿಂದಿನ ತನಕ ಸುತ್ತಿ ಬಂದ್ರ 5 ಮೀಟರ್. 36 ಆಂಪಿಗೆ ಒಂದು ಎಳಿಯೊಳಗ 0.2 ವೋಲ್ಟ್ ಬೀಳ್ತದ, 6 ಸ್ಕ್ವೇರಿನ್ಯಾಗ ಅದ 0.5 ಆಗ್ತದ. ವಾಪಸ್ ಹಾದಿ ಲೆಕ್ಕಕ್ಕ ಹಿಡಿದ್ರ ಎರಡು ಪಟ್ಟು. ಚಾರ್ಜರ್ ಯಾವಾಗ್ಲೂ ಎರಡನೇ ಬ್ಯಾಟರಿ ಮಗ್ಗಲಕ್ಕ ಇರಲಿ, ಮುಂದ ಬ್ಯಾಡ.

ಕೇಬಲ್ ಕೊಳ್ಳೂ ಮುಂದ ತುದಿ ಚಾಕುವಿನಿಂದ ಕೆರದು ನೋಡ್ರಿ. ಮ್ಯಾಲೆ ಕೆಂಪು, ಒಳಗ ಬೆಳ್ಳಗ ಕಂಡ್ರ ತಾಮ್ರ ಬಳದ ಅಲ್ಯುಮಿನಿಯಂ, ವಾಪಸ್ ಕೊಡ್ರಿ. ಹೊಲದ ಬೋರಿನ ಸಬ್‌ಮರ್ಸಿಬಲ್ ಕೇಬಲ್ ಉಳದದ ಅಂತ ಅದನ್ನ ಎಳೀಬ್ಯಾಡ್ರಿ, ಅದರ ಪಿವಿಸಿ ಇಂಜಿನ್ ಬಿಸಿಗೆ ಮಾಡಿದ್ದಲ್ಲ. ಎಚ್‌ಓಎಫ್‌ಆರ್ ಅಂತ ಅಚ್ಚಾದ, ಸಣ್ಣ ಎಳಿಯ ತಾಮ್ರದ ವೆಲ್ಡಿಂಗ್ ಕೇಬಲ್ ಭಾಳ ಚಲೋ. ಬಿಸಿ, ಎಣ್ಣಿ ಎರಡೂ ತಡೀತದ.

ಬ್ಯಾಡಗಿ ಡೀಸೆಲ್, ಹಾವೇರಿ ಜಿಲ್ಲೆ

ಮೇಲಿನವರು ಹೇಳಿದ್ದು ಸರಿಯಾಗಿದೆ, ಆದರೆ ರಿಲೇಯನ್ನು ಪೂರ್ತಿ ತಳ್ಳಿಹಾಕುವುದು ಬೇಡ. ಈ ಎಳೆ ಓದುವ ಎಲ್ಲರಿಗೂ ರಾತ್ರಿಯಿಡೀ ಫ್ರಿಜ್ ಬೇಕಾಗಿರುವುದಿಲ್ಲ. ಬರೀ ಲೈಟು, ಫೋನು, ವಾಕಿಟಾಕಿ ಅಂದರೆ 65-75 ಎಎಚ್ ಎಜಿಎಂ ಮತ್ತು 140 ಆಂಪಿನ ವೋಲ್ಟೇಜ್ ರಿಲೇ ಸಾಕು. ಖರ್ಚೂ ಬಹಳ ಕಡಿಮೆ, ಕೆಟ್ಟರೆ ಹಳ್ಳಿಯ ಎಲೆಕ್ಟ್ರಿಷಿಯನ್ ಕೂಡ ರಿಪೇರಿ ಮಾಡಬಲ್ಲ. ಆದರೆ ರಿಲೇ ಕರೆಂಟಿಗೆ ಮಿತಿ ಹಾಕುವುದಿಲ್ಲವಾದ್ದರಿಂದ ಕೇಬಲ್ 25 ಸ್ಕ್ವೇರ್ ಇರಬೇಕು, ಫ್ಯೂಜ್ 100 ಆಂಪ್.

ಕೆಲವು ರಿಲೇಗಳಲ್ಲಿ ಎರಡೂ ಬ್ಯಾಟರಿ ಕೂಡಿಸಿ ಸ್ಟಾರ್ಟ್ ಮಾಡುವ ಬಟನ್ ಇರುತ್ತದೆ. ಅದನ್ನು ಬಳಸುವುದಾದರೆ 25 ಸ್ಕ್ವೇರ್ ಸಾಲದು, ಸ್ಟಾರ್ಟರ್ ನೂರಾರು ಆಂಪ್ ಎಳೆಯುತ್ತದೆ, 100ರ ಫ್ಯೂಜ್ ಹಾರುತ್ತದೆ. ಸ್ಟಾರ್ಟಿಂಗ್ ಬ್ಯಾಟರಿ ಸತ್ತರೆ ಬಟನ್ ಒತ್ತಿ ಹತ್ತು ನಿಮಿಷ ಕಾಯಿರಿ, ಅಷ್ಟರಲ್ಲಿ ಅದು ಸ್ವಲ್ಪ ತುಂಬಿಕೊಳ್ಳುತ್ತದೆ. ಬಟನ್ ಬಿಟ್ಟ ಮೇಲೆ ಸ್ಟಾರ್ಟ್ ಮಾಡಿ.

ಫ್ಯೂಜ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಎರಡು ಬ್ಯಾಟರಿ ಇದ್ದಾಗ ಕೇಬಲಿನ ಎರಡೂ ತುದಿಯಲ್ಲಿ ಕರೆಂಟ್ ಇರುತ್ತದೆ. ನಡುವೆ ಎಲ್ಲೋ ಚಾಸಿಗೆ ಉಜ್ಜಿ ಶಾರ್ಟ್ ಆದರೆ ಎರಡೂ ಕಡೆಯಿಂದ ಬೆಂಕಿ ಹತ್ತಿಸುವಷ್ಟು ಕರೆಂಟ್ ಹರಿಯುತ್ತದೆ. ಮುಂದೆ ಒಂದೇ ಫ್ಯೂಜ್ ಹಾಕಿ ಬಿಟ್ಟ ಗಾಡಿಗಳೇ ಹೆಚ್ಚು, ಅದು ಅರ್ಧ ಕೆಲಸ. ಎರಡೂ ಪ್ಲಸ್ ಟರ್ಮಿನಲ್‌ಗಳಿಂದ ಒಂದು ಗೇಣಿನ ಒಳಗೆ ತಲಾ ಒಂದು ಫ್ಯೂಜ್ ಬರಬೇಕು. 30 ಆಂಪಿನ ಡಿಸಿ-ಡಿಸಿಗೆ ಎರಡೂ ಕಡೆ 50 ಆಂಪಿನ ಬೋಲ್ಟ್ ಹಾಕುವ ಮಿಡಿ ಫ್ಯೂಜ್. ಕಾರ್ ಆಡಿಯೊ ಅಂಗಡಿಯ ಗಾಜಿನ ಫ್ಯೂಜ್ ಬೇಡ, ಅದರ ಕ್ಲಿಪ್ ಕುಲುಕಾಟಕ್ಕೆ ಸಡಿಲಾಗಿ ಬಿಸಿಯಾಗಿ ಹೋಲ್ಡರ್ ಕರಗುತ್ತದೆ.

ಟೈರಿನ ಕಂಪ್ರೆಸರ್ ಎರಡನೇ ಬ್ಯಾಟರಿಗೆ ಹಚ್ಚಬೇಡಿ. 30-45 ಆಂಪ್ ಎಳೆಯುವ ವಸ್ತು, ಇಂಜಿನ್ ಚಾಲೂ ಇಟ್ಟು ಮುಂದಿನ ಬ್ಯಾಟರಿಗೇ ಹಾಕಿ. ವಿಂಚ್ ಇದ್ದರೆ ಅದಕ್ಕೂ ಇದೇ ಮಾತು.

ಮುಳಗುಂದ ನಾಕಾ, ಗದಗ

ಬಿಎಸ್6 ಗಾಡಿ ಇದ್ದವ್ರಿಗೆ ಒಂದು ಮಾತರಿ. ಬ್ಯಾಟರಿ ಮೈನಸ್ ಟರ್ಮಿನಲ್ ಮ್ಯಾಲೆ ಸಣ್ಣ ವೈರ್ ಹೋಗಿರೋ ಕರೀ ಡಬ್ಬಿ ಐತೇನು ನೋಡ್ರಿ. ಇದ್ರ ಅದು ಕರೆಂಟ್ ಎಣಿಸೋ ಸೆನ್ಸರ್. ಅಂಥಾ ಗಾಡ್ಯಾಗ ಮೀಟರ್ ಹಚ್ಚಿ ಓಡಿಸಿದ್ರ, ಸಪಾಟ ರೋಡಿನ್ಯಾಗ ಆಲ್ಟರ್ನೇಟರ್ ವೋಲ್ಟೇಜ್ 12.6-13 ವೋಲ್ಟಿಗೆ ಇಳೀತೈತಿ, ಎಕ್ಸಿಲರೇಟರ್ ಬಿಟ್ಟ ಕೂಡ್ಲೇ 14.5 ದಾಟತೈತಿ. ಅಲ್ಲಿ ವೋಲ್ಟೇಜ್ ರಿಲೇ ಹಾಕಿದ್ರ ದಾರಿ ತುಂಬ ಕೂಡಿಸೋದು ಬಿಡಿಸೋದು ನಡೀತಿರತೈತಿ, ಬ್ಯಾಟರಿ ತುಂಬಂಗಿಲ್ಲ. ಡಿಸಿ-ಡಿಸಿ ಒಂದ ದಾರಿ, ಅದೂ ಇಗ್ನಿಷನ್ ವೈರಿನಿಂದ ಚಾಲೂ ಆಗೋ ನಮೂನಿದು. ಎರಡನೇ ಬ್ಯಾಟರಿ ಮೈನಸ್ಸನ್ನ ಆ ಡಬ್ಬಿ ದಾಟಿಸಿ ನೇರ ಬ್ಯಾಟರಿ ಕಂಬಕ್ಕ ಕಟ್ಟಬ್ಯಾಡ್ರಿ, ಚಾಸಿ ಅರ್ಥಿಗೆ ಕಟ್ರಿ. ಇಲ್ಲಾಂದ್ರ ಸೆನ್ಸರಿನ ಲೆಕ್ಕ ತಪ್ಪತೈತಿ. ವಾರಂಟಿ ಒಳಗಿನ ಗಾಡಿ ಇದ್ರ ಕಂಪನಿ ವೈರ್ ಒಂದನ್ನೂ ಕತ್ತರಿಸಬ್ಯಾಡ್ರಿ, ಫ್ಯೂಜ್ ಬಾಕ್ಸಿನ್ಯಾಗ ಆ್ಯಡ್-ಎ-ಫ್ಯೂಜ್ (ಇದ್ದ ಫ್ಯೂಜ್ ಜಾಗದಿಂದ ಇನ್ನೊಂದು ವೈರ್ ತಗಿಯೋ ಹೋಲ್ಡರ್) ಹಾಕಿ ಇಗ್ನಿಷನ್ ತಗೋರಿ.

ಉಣಕಲ್‌ದಂಡಿ, ಹುಬ್ಬಳ್ಳಿ

ಭಾಳ ಉಪಕಾರ ಆತ್ರಿ. ಹಂಗಾದ್ರ 100 ಎಎಚ್ ಲಿಥಿಯಂ, ಡಿಸಿ-ಡಿಸಿ ಅಂತ ಗಟ್ಟಿ ಮಾಡೀನಿ. ಬಾನೆಟ್ ಒಳಗ ಇಡಲೋ, ಹಿಂದ ಇಡಲೋ? ಅರ್ಥಿಂಗ್ ಬಾಡಿಗೆ ಹಚ್ಚಿದ್ರ ನಡೀತದೇನು? ಎಲ್ಲಾ ಆದಮ್ಯಾಲೆ ಸರಿ ಆಗೇದೋ ಇಲ್ಲೋ ಹ್ಯಾಂಗ ತಿಳೀಬೇಕು?

ತಾಮ್ರದೆಳಿ, ಧಾರವಾಡ

ಬಾನೆಟ್ ಒಳಗ ಬ್ಯಾಡ್ರಿ. ಸೆಲ್ಲಿನ ಬಿಸಿ 55-60 ಡಿಗ್ರಿ ಮುಟ್ಟಿದ್ರ ಬ್ಯಾಟರಿ ಒಳಗಿನ ಕಾವಲು ಸರ್ಕಿಟ್ (ಬಿಎಂಎಸ್) ಚಾರ್ಜ್ ನಿಲ್ಲಿಸ್ತದ. ಹಿಂದಿನ ಸೀಟಿನ ಬೆನ್ನಿಗೆ, ನೆಲಕ್ಕ ಹತ್ತಿ, ನೇರ ಬಿಸಲು ಬೀಳದ ಕಡೆ ಇಡ್ರಿ.

ಕೂಡಿಸೂ ಪೆಟ್ಟಿಗೆ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನ್ಯಾಗ ಯಾವ ವೆಲ್ಡಿಂಗ್ ಶಾಪಿನವರೂ ಮಾಡಿಕೊಡ್ತಾರ. 25 ಎಂಎಂ ಆ್ಯಂಗಲ್, 3 ಎಂಎಂ ದಪ್ಪ, ಬ್ಯಾಟರಿ ಅಳತಿಗಿಂತ ಸುತ್ತ 5 ಎಂಎಂ ಸಡಿಲ, ಆ ಸಡಿಲಿನ್ಯಾಗ ರಬ್ಬರ್ ಪಟ್ಟಿ. ಮ್ಯಾಲಿನಿಂದ ಒಂದು ಅಡ್ಡ ಪಟ್ಟಿ ಬಿಗೀಬೇಕು, ಬರೇ ಬೆಲ್ಟ್ ಸಾಲೂದಿಲ್ಲ. ನೆಲಕ್ಕ ನಾಲ್ಕು ಎಂ8 ಬೋಲ್ಟ್, 8.8 ಗ್ರೇಡು, ನೈಲಾಕ್ ನಟ್. ಥಾರ್ ನೆಲದ ತಗಡು ತೆಳ್ಳಗದ, ಅದಕ್ಕ ಕೆಳಗ 50 ಎಂಎಂ ಚೌಕ, 3 ಎಂಎಂ ಪ್ಲೇಟ್ ಕೊಡದಿದ್ರ ಕಚ್ಚಾ ರಸ್ತೆದಾಗ ಬೋಲ್ಟ್ ತಗಡು ಹರಕೊಂಡು ಹೊರಗ ಬರ್ತದ. ಡ್ರಿಲ್ ಹಾಕೂಕಿಂತ ಮುಂಚೆ ಗಾಡಿ ಕೆಳಗ ಮಲಗಿ ನೋಡ್ರಿ. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ವೈರಿನ ಹಗ್ಗ ಎಲ್ಲೆಲ್ಲಿ ಹೋಗ್ಯಾವ ಅಂತ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡು ಆಮ್ಯಾಲೆ ತೂತು ಹೊಡೀರಿ.

ಅರ್ಥಿಂಗ್ ಬಗ್ಗೆ ಚಲೋ ಕೇಳಿದ್ರಿ, ಭಾಳ ಮಂದಿ ಎಡವೂದು ಅಲ್ಲೇ. ಥಾರ್ ಬಾಡಿ ರಬ್ಬರ್ ಬುಷ್ ಮ್ಯಾಲೆ ಕುಂತಿರ್ತದ, ಚಾಸಿಗೂ ಬಾಡಿಗೂ ನಡುವ ಇರೂದು ಸಣ್ಣ ಸ್ಟ್ರ್ಯಾಪ್ ಅಷ್ಟ. 36 ಆಂಪ್ ಅದರ ಮ್ಯಾಲೆ ಹೇರಬ್ಯಾಡ್ರಿ. ನಿಮ್ಮ ಗಾಡ್ಯಾಗ ಸೆನ್ಸರ್ ಡಬ್ಬಿ ಇಲ್ಲಂದ್ರ ಕರೀ ಕೇಬಲ್ ಕೂಡ 16 ಸ್ಕ್ವೇರ್ ತಗೊಂಡು ಮುಂದಿನ ಬ್ಯಾಟರಿ ಮೈನಸ್ ತನಕ ಎಳೀರಿ. ಹಂಗ ಮಾಡಿದ್ರ, ಸ್ವಲ್ಪ ಹೆಚ್ಚಿಗೆ ಹಿಡಿದು, ಕೆಂಪು 6 ಮೀಟರ್, ಕರೀ 6 ಮೀಟರ್ ಬೇಕಾಗ್ತದ.

ಕೇಬಲ್ ತುದಿಗೆ ಹಾಕೋ ಲಗ್ ಟಿನ್ ಲೇಪದ ತಾಮ್ರದ್ದು ಇರಲಿ. ಸುತ್ತಿಗಿಯಿಂದ ಬಡದು ಕೂಡಿಸಿದ್ದು ಮೊದಲ ಮಳಿಗಾಲಕ್ಕ ಒಳಗ ಹಸರ ಆಗ್ತದ. ಬರೇ ಸೋಲ್ಡರ್ ಮಾಡಿದ್ರ, ಸೋಲ್ಡರ್ ಮುಗದಲ್ಲಿ ಎಳಿ ಗಡಸಾಗಿ ಕುಲುಕಾಟಕ್ಕ ಕಟ್ ಆಗ್ತದ. ಹೈಡ್ರಾಲಿಕ್ ಕ್ರಿಂಪರಿನ್ಯಾಗ ಆರು ಮೂಲಿ ಒತ್ತಿಸಿ, ಒಳಗ ಅಂಟು ಇರೋ ಹೀಟ್‌ಶ್ರಿಂಕ್ ಹಾಕ್ರಿ. ಫೈರ್‌ವಾಲ್ ದಾಟೂ ಕಡೆ ರಬ್ಬರ್ ಗ್ರೊಮೆಟ್, ಸೈಲೆನ್ಸರಿನಿಂದ ಒಂದು ಗೇಣು ದೂರ, ಪ್ರತಿ ಅಡಿಗೆ ಒಂದು ಕ್ಲಾಂಪ್. ಪ್ರೊಪೆಲ್ಲರ್ ಶಾಫ್ಟಿನ ಮಗ್ಗಲಿನಿಂದ ಒಯ್ಯಬ್ಯಾಡ್ರಿ.

ಕೆಲಸ ಶುರು ಮಾಡೂ ಮುಂದ ಮೊದಲ ಮೈನಸ್ ಬಿಚ್ಚೂದು, ಜೋಡಿಸೂ ಮುಂದ ಕಡೀಕ ಮೈನಸ್ ಹಚ್ಚೂದು. ಫ್ಯೂಜ್ ಎಲ್ಲಾ ಮುಗದಮ್ಯಾಲೆ ಹಾಕ್ರಿ. ಚಾರ್ಜರಿನ್ಯಾಗ ಬ್ಯಾಟರಿ ಪ್ರಕಾರ ಲಿಥಿಯಂಗೆ ತಿರುವೂದು ಮರೀಬ್ಯಾಡ್ರಿ, ಕಾರ್ಖಾನೆಯಿಂದ ಭಾಳ ಚಾರ್ಜರ್ ಆ್ಯಸಿಡ್ ಸೆಟ್ಟಿಂಗಿನ್ಯಾಗ ಬರ್ತಾವ.

ಪರೀಕ್ಷೆಗೆ ಡಿಸಿ ಓದೋ ಕ್ಲಾಂಪ್ ಮೀಟರ್ ಬೇಕು, ಅಗ್ಗದ ಕ್ಲಾಂಪ್ ಭಾಳ ಎಸಿ ಕರೆಂಟ್ ಅಷ್ಟ ಓದ್ತಾವ. ಎರಡನೇ ಬ್ಯಾಟರಿ ಅರ್ಧ ಖಾಲಿ ಇದ್ದಾಗ ಇಂಜಿನ್ 1500 ಆರ್‌ಪಿಎಂ ಇಟ್ಟು ಮುಂದಿನ ಬ್ಯಾಟರಿ ವೋಲ್ಟೇಜ್ ಬರಕೋರಿ, ಆಮ್ಯಾಲೆ ಚಾರ್ಜರಿನ ಇನ್‌ಪುಟ್ ವೋಲ್ಟೇಜ್ ಬರಕೋರಿ. ನಡುವಿನ ಫರಕು 0.5 ವೋಲ್ಟ್ ಒಳಗ ಇರಬೇಕು. ಹೆಚ್ಚಿದ್ರ ಲಗ್ ಇಲ್ಲಾ ಅರ್ಥ್ ಸಡಿಲ. ಇಪ್ಪತ್ತು ನಿಮಿಷ ಬಿಟ್ಟು ಇಂಜಿನ್ ಬಂದ್ ಮಾಡಿ ಒಂದೊಂದ ಲಗ್ ಬೆರಳಿನಿಂದ ಮುಟ್ರಿ. ಕೇಬಲ್ ಬೆಚ್ಚಗಿದ್ರ ಅಡ್ಡಿಯಿಲ್ಲ, ಲಗ್ ಒಂದ ಸುಡ್ತಿದ್ರ ಆ ಕ್ರಿಂಪ್ ತಗದು ಮತ್ತ ಮಾಡ್ರಿ.

ಮುಳಗುಂದ ನಾಕಾ, ಗದಗ

ಎರಡು ಮಾತು ಕೂಡಸ್ತೀನಿ. ನಮ್ಮ ಎರಿ ಮಣ್ಣಿನ ಧೂಳಾ ಹಿಟ್ಟಿನಂಗ ಸಣ್ಣ, ಚಾರ್ಜರಿನ ಹೀಟ್‌ಸಿಂಕ್ ನಡುವ ತುಂಬಿದ್ರ ಅದು ಬಿಸಿಗೆ ತಾನ ಕರೆಂಟ್ ಇಳಿಸಿ 30ರ ಬದಲಿ 15 ಕೊಡತೈತಿ. ಸುತ್ತ 5 ಸೆಂಟಿಮೀಟರ್ ಜಾಗ ಬಿಟ್ಟು, ರೆಕ್ಕಿ ನಿಂತು ಇರೂ ಹಂಗ ಕೂಡಿಸ್ರಿ, ಗಾಡಿ ತೊಳಿಸಿದಾಗೊಮ್ಮೆ ಗಾಳಿ ಹೊಡೀರಿ.

ಫ್ರಿಜ್ಜಿಗೆ ಸಿಗರೇಟ್ ಸಾಕೆಟ್ ಬ್ಯಾಡ. ಕುಲುಕಾಡಿ ಪಿನ್ ಸಡಿಲ ಆಗತೈತಿ, ವೋಲ್ಟೇಜ್ ಬೀಳತೈತಿ, ಬ್ಯಾಟರಿ ತುಂಬಿದ್ರೂ ಫ್ರಿಜ್ ಲೋ ವೋಲ್ಟೇಜ್ ಅಂತ ತೋರಿಸಿ ನಿಂದರತೈತಿ. 4 ಸ್ಕ್ವೇರ್ ವೈರ್, 15 ಆಂಪ್ ಫ್ಯೂಜ್, ತುದಿಗೆ 50 ಆಂಪಿನ ಆ್ಯಂಡರ್ಸನ್ ಪ್ಲಗ್ ಹಾಕ್ರಿ. ಫ್ರಿಜ್ಜಿನ ಕಟ್‌ಆಫ್ (ಎಷ್ಟು ವೋಲ್ಟಿಗೆ ಇಳಿದ್ರ ತಾನ ಬಂದ್ ಆಗಬೇಕು ಅನ್ನೋ ಸೆಟ್ಟಿಂಗ್) ಮೀಡಿಯಮ್ ಮ್ಯಾಲೆ ಇಡ್ರಿ. ಮೊದಲ 500 ಕಿಲೋಮೀಟರ್ ಆದಮ್ಯಾಲೆ ಪೆಟ್ಟಿಗಿದೂ ಟರ್ಮಿನಲ್ಲಿಂದೂ ಎಲ್ಲಾ ನಟ್ ಒಮ್ಮೆ ಪಾನಾ ಹಚ್ಚಿ ಬಿಗೀರಿ.