ಸಹಾಯ ಬೇಕು: ಕಬ್ಬಿಣ-ಕೋಬಾಲ್ಟ್ ನ್ಯಾನೋ ಪುಡಿ ಮೈಕ್ರೋವೇವ್ ಸಾಕಷ್ಟು ಹೀರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಎಂಎಸ್ಸಿ ಫಿಸಿಕ್ಸ್ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಕಬ್ಬಿಣ-ಕೋಬಾಲ್ಟ್ ಮಿಶ್ರಲೋಹದ ನ್ಯಾನೋ ಪುಡಿ ಮಾಡಿದ್ದೇನೆ. ಅದನ್ನು ಪ್ಯಾರಾಫಿನ್ ಮೇಣದಲ್ಲಿ ಕಲಸಿ, ಹೊರಗೆ 7 ಮಿಮೀ, ಒಳಗೆ 3 ಮಿಮೀ ಇರುವ ಪುಟ್ಟ ಉಂಗುರ ಒತ್ತಿ, 2ರಿಂದ 18 ಗಿಗಾಹರ್ಟ್ಸ್‌ವರೆಗೆ ಅಳತೆ ಮಾಡಿಸಿದೆ. ರಿಫ್ಲೆಕ್ಷನ್ ಲಾಸ್ (ಬಿದ್ದ ಮೈಕ್ರೋವೇವ್‌ನಲ್ಲಿ ಎಷ್ಟು ವಾಪಸ್ ಬರುತ್ತದೆ ಅನ್ನುವ ಲೆಕ್ಕ) ಮೈನಸ್ 6 ಡೆಸಿಬೆಲ್ ದಾಟುತ್ತಿಲ್ಲ. ಅಂದರೆ ಕಾಲು ಭಾಗ ಶಕ್ತಿ ವಾಪಸ್ ಬರುತ್ತಿದೆ. ಮೈನಸ್ 10 ಆದರೂ ಬೇಕು, ಆಗ ಶೇ. 90ರಷ್ಟು ಹೀರಿದ ಹಾಗೆ.

ನನ್ನ ಅನುಮಾನ ಕಲಸಿದ ರೀತಿಯ ಮೇಲೆ. ಕಣಗಳೇ ಅಯಸ್ಕಾಂತ ಅಲ್ವಾ, ಬಿಸಿ ಮೇಣಕ್ಕೆ ಹಾಕಿದ ಕೂಡಲೇ ಒಂದನ್ನೊಂದು ಎಳೆದುಕೊಂಡು ಜುಣಕದ ಹಿಟ್ಟಿನ ಹಾಗೆ ಗಂಟು ಕಟ್ಟುತ್ತವೆ. ಗಂಟಾದ ಕಡೆ ಲೋಹಕ್ಕೆ ಲೋಹ ತಾಗಿ ಸುಳಿ ವಿದ್ಯುತ್ (ಅಲೆ ಬಿದ್ದಾಗ ಲೋಹದೊಳಗೆ ಸುತ್ತುವ ಕರೆಂಟ್) ಜಾಸ್ತಿಯಾಗುತ್ತದೆ. ಅಲೆ ಒಳಗೆ ಇಳಿಯದೆ ಮೇಲಿಂದಲೇ ತಿರುಗುತ್ತದೆ. ಮೊನ್ನೆ ಒಂದು ಉಂಗುರ ಮುರಿದು ನೋಡಿದೆ: ಒಂದು ಬದಿ ಕಪ್ಪು, ಇನ್ನೊಂದು ಬದಿ ಬರೀ ಬಿಳಿ ಮೇಣ.

ಕಣಗಳಿಗೆ ಕರೆಂಟ್ ಹರಿಯಲು ಬಿಡದ ಸಿಲಿಕಾ ಹೊದಿಕೆ ಕೊಟ್ಟರೆ, ಲೋಹಕ್ಕೆ ಲೋಹ ತಾಗದೆ ಸರಿಹೋಗಬಹುದು ಅನಿಸುತ್ತದೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಯಾರಾದರೂ ಇದನ್ನು ಕೈಯಾರೆ ಮಾಡಿದ್ದೀರಾ? ಹೊದಿಕೆ ದಪ್ಪ ಆದರೆ ಕಾಂತಗುಣ ಕಡಿಮೆಯಾಗುತ್ತದೆ, ಎಷ್ಟಕ್ಕೆ ನಿಲ್ಲಿಸಬೇಕು? ತೋರಿಸಿಕೊಡುವವರಿದ್ದರೆ ಬಸ್ ಹತ್ತಿ ನಾನೇ ಬರುತ್ತೇನೆ ಸರ್, ಮೇಡಂ. ಪುಡಿ ಇನ್ನು 2 ಗ್ರಾಂ ಮಾತ್ರ ಉಳಿದಿದೆ.