ಅಪ್‌ಡೇಟ್: ಟ್ರಾನ್ಸಮ್ ಕೊಳೆತಿದ್ದ ನನ್ನ ಗಾಳದ ಬೋಟ್

ಮೇ ತಿಂಗಳಲ್ಲಿ ಕೇಳಿದ್ದೆನಲ್ಲ, 22 ಅಡಿಯ ಫೈಬರ್ ಬೋಟಿನ ಟ್ರಾನ್ಸಮ್, ಅಂದರೆ ಎಂಜಿನ್ ಕೂರುವ ಹಿಂದಿನ ಗೋಡೆ, ಎರಡೇ ವರ್ಷಕ್ಕೆ ಮೆತ್ತಗಾಗಿದೆ, ಬಿಲ್ಡರ್ ಫೋನ್ ಎತ್ತುತ್ತಿಲ್ಲ, ಏನು ಮಾಡಲಿ ಅಂತ. ಜಾಸ್ತಿ ಜನ ಗೋವಾ ಕಡೆ ಬೇರೆಯವರನ್ನು ಹಿಡಿ ಅಂದಿರಿ. ನನ್ನ ಯೋಚನೆಯೂ ಅದೇ ಆಗಿತ್ತು.

ಆದರೆ ಜೂನ್‌ನಲ್ಲಿ, ಮೀನುಗಾರಿಕೆ ನಿಷೇಧದ 61 ದಿನಗಳ ಬಿಡುವಿನಲ್ಲಿ, ಆ ಬಿಲ್ಡರೇ ಕಾರವಾರಕ್ಕೆ ಬಂದ. ಎಂಜಿನ್ ಇಳಿಸಿ, ಫೈಬರ್ ಕತ್ತರಿಸಿ ತೋರಿಸಿದ. ಸ್ಕ್ರೂ ತೂತುಗಳಿಗೆ ಸೀಲಂಟ್ ಹಾಕಿರಲಿಲ್ಲ, ನೀರು ಇಳಿದು ಒಳಗಿನ ಪ್ಲೈವುಡ್ ಕೊಳೆತಿತ್ತು. "ನಮ್ಮ ಹುಡುಗರದೇ ತಪ್ಪು ಮಾರಾಯ್ರೆ, ದುಡ್ಡು ಬೇಡ" ಅಂದ. ಈ ಮಾತನ್ನು ಏಪ್ರಿಲ್‌ನಲ್ಲೇ ಫೋನಲ್ಲಿ ಹೇಳಿದ್ದರೆ ನಾನು ಕಾಳಿ ನದಿ ದಂಡೆಯ ಉದ್ದಕ್ಕೂ ಸಿಕ್ಕವರ ಹತ್ತಿರವೆಲ್ಲ ಅವನನ್ನು ಬೈದುಕೊಂಡು ತಿರುಗುತ್ತಿರಲಿಲ್ಲ, ಅಲ್ವಾ? ಹೊಸ ಹಲಗೆ ಕೂರಿಸಿ, ತೂತುಗಳಿಗೆ ಎಪಾಕ್ಸಿ, ಅಂದರೆ ಗಟ್ಟಿಯಾಗುವ ಅಂಟು, ತುಂಬಿ, ಗಟ್ಟಿಯಾದ ಮೇಲೆ ಮತ್ತೆ ಕೊರೆದ. ನಮ್ಮ ಮಳೆ ಗೊತ್ತಲ್ಲ, ಟಾರ್ಪಾಲು ಕಟ್ಟಿ ದಿನಗಟ್ಟಲೆ ಒಣಗಿಸಬೇಕಾಯ್ತು.

ಸೆಪ್ಟೆಂಬರ್‌ನಿಂದ ಕೂರ್ಮಗಡ ದ್ವೀಪದ ಸುತ್ತ ಓಡಿಸುತ್ತಿದ್ದೇನೆ. ಗಟ್ಟಿ ಇದೆ. ಗಾಳ ಹಾಕಲು ಬಂದವರೊಬ್ಬರು ಬೋಟ್ ಯಾರು ಕಟ್ಟಿದ್ದು ಅಂತ ಕೇಳಿದರು, ಅವನ ನಂಬರ್ ಕೊಟ್ಟೆ. ನನ್ನ ಎರಡನೇ ಬೋಟಿನ ಅಡ್ವಾನ್ಸ್ ಮಾತ್ರ ಅವನಿಗೆ ಇನ್ನೂ ಕೊಟ್ಟಿಲ್ಲ. ಇನ್ನೊಂದು ಮಳೆಗಾಲ ಕಳೆಯಲಿ.